ಸಂಘ ನೋಂದಣಿ ಮಾಡಿಸಿದರೆ ಕಾರ್ಯದರ್ಶಿ ಪಾರಾಗುತ್ತಾರೆಯೇ?

ಪ್ರಶ್ನೆ: ವಿಜಯನಗರದ ಸುತ್ತಮುತ್ತಲಿನ ಸುಮಾರು 60 ಜನ ಸೇರಿ ಎಂಟು ವರ್ಷದಿಂದ ಕನ್ನಡ ಗೆಳೆಯರ ಬಳಗ ನಡೆಸುತ್ತಿದ್ದೇವೆ. ನವೆಂಬರಿನಲ್ಲಿ ರಾಜ್ಯೋತ್ಸವ, ಬಾಡಿಗೆ ಮಳಿಗೆಯಲ್ಲಿ ವಾಚನಾಲಯ, ಭಾನುವಾರ ಮಕ್ಕಳಿಗೆ ಉಚಿತ ಪಾಠ. ಸದಸ್ಯರಿಂದ ತಿಂಗಳಿಗೆ 200 ರೂಪಾಯಿ, ಹಬ್ಬಕ್ಕೆ ಅಂಗಡಿಯವರಿಂದ ಚಂದಾ. ಹಣವೆಲ್ಲ ಖಜಾಂಚಿಯವರ ಸ್ವಂತ ಉಳಿತಾಯ ಖಾತೆಯಲ್ಲಿದೆ. ಕಳೆದ ರಾಜ್ಯೋತ್ಸವದ ದಿನ ಗಾಳಿಗೆ ಶಾಮಿಯಾನದ ಕಂಬ ಬಿದ್ದು 12 ವರ್ಷದ ಹುಡುಗನೊಬ್ಬನ ಕೈಮೂಳೆ ಮುರಿಯಿತು. ಆಸ್ಪತ್ರೆ ಖರ್ಚು ನಾವೇ ಕೊಟ್ಟೆವು. ‘ಇನ್ನೇನೂ ಕೇಳುವುದಿಲ್ಲ’ ಎಂದು ಹುಡುಗನ ತಂದೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಪೊಲೀಸ್ ಅನುಮತಿಯ ಅರ್ಜಿಗೂ ಮಳಿಗೆಯ ಕರಾರಿಗೂ ಸಹಿ ನನ್ನದೇ. ನೋಂದಣಿ ಮಾಡಿಸಿಬಿಟ್ಟರೆ ಯಾರನ್ನೂ ಮುಟ್ಟಲಾಗದು, ತೆರಿಗೆಯೂ ಇಲ್ಲ ಎಂದು ಕೆಲವರು ಹೇಳುತ್ತಾರೆ. ಸರ್ಕಾರ ಬಂದು ಕೂರುತ್ತದೆ, ಟ್ರಸ್ಟ್ ಮಾಡೋಣ ಎಂದು ಇನ್ನು ಕೆಲವರು. ನನ್ನ ಮನೆಗೆ ಕುತ್ತು ಬರದಂತೆ ಏನು ಮಾಡಬೇಕು?
— ಕಾರ್ಯದರ್ಶಿ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಆಗಿಹೋದ ಅಪಘಾತಕ್ಕೆ ಯಾರು ಹೊಣೆ ಎಂಬುದು ಒಂದು. ಮುಂದೆ ಹೀಗಾದರೆ ಏನು ಗತಿ ಎಂಬುದು ಇನ್ನೊಂದು. ನೋಂದಣಿ ಎರಡನೆಯದಕ್ಕೆ ಮಾತ್ರ ಉತ್ತರ, ಅದೂ ಪೂರ್ತಿಯಲ್ಲ. ಮೊದಲನೆಯದಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ನಾಳೆ ಹುಟ್ಟುವ ಸಂಘ ಹಿಂದಿನ ನವೆಂಬರಿನ ಹೊಣೆಯನ್ನು ನಿಮ್ಮ ಹೆಗಲಿನಿಂದ ಇಳಿಸುವುದಿಲ್ಲ.

ಹಾಗಾಗಿ ಮೊದಲು ಆ ಕಂಬದ ವಿಷಯ. ನೋಂದಣಿಯಾಗದ ಬಳಗ ಎಂಬುದು ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿಯಲ್ಲ, 60 ಜನರ ಗುಂಪು ಅಷ್ಟೆ. ಅದರ ಹೆಸರಿನಲ್ಲಿ ದಾವೆ ಹೂಡಲಾಗದು, ಅದರ ಮೇಲೂ ಹೂಡಲಾಗದು. ಎಲ್ಲರ ಪರವಾಗಿ ಕೆಲವರನ್ನು ನಿಲ್ಲಿಸಿ, ನ್ಯಾಯಾಲಯದ ಅನುಮತಿ ಪಡೆದು ನಡೆಸಬೇಕು. ಹಾಗೆಂದು 60 ಜನರೂ ಹೊಣೆಗಾರರು ಎಂದಲ್ಲ. ತಿಂಗಳ ಚಂದಾ ಕೊಟ್ಟು ಊಟಕ್ಕೆ ಬಂದು ಹೋದ ಸದಸ್ಯ ಬರೀ ಸದಸ್ಯತ್ವದ ಕಾರಣಕ್ಕೆ ಪರಿಹಾರ ಕೊಡಬೇಕಾಗಿಲ್ಲ. ಶಾಮಿಯಾನ ಹಾಕಿಸಿದವರು, ಎಲ್ಲಿ ಹೇಗೆ ಹಾಕಬೇಕೆಂದು ಹೇಳಿದವರು, ಅನುಮತಿಗೆ ಸಹಿ ಹಾಕಿದವರು, ಗಾಳಿ ಎದ್ದಾಗಲೂ ಜನರನ್ನು ಕೆಳಗೆ ಕೂರಿಸಿದವರು, ಜೊತೆಗೆ ಕಂಬ ನೆಟ್ಟ ಶಾಮಿಯಾನದವರು, ಇವರ ಕಡೆಗೇ ಪ್ರಶ್ನೆ ತಿರುಗುತ್ತದೆ. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಮೊದಲಿರುತ್ತದೆ. ಆದರೆ ಹೆಸರು ಬಂದ ಮಾತ್ರಕ್ಕೆ ಹೊಣೆ ಸಾಬೀತಾಗದು. ನೀವು ತೆಗೆದುಕೊಳ್ಳಬೇಕಿದ್ದ ಎಚ್ಚರ ತಪ್ಪಿತ್ತೇ ಎಂಬುದನ್ನು ಎದುರಿನವರು ತೋರಿಸಬೇಕು.

ಬಿಳಿ ಹಾಳೆಯ ಬರಹದ ಮೇಲೆ ಹೆಚ್ಚು ಭರವಸೆ ಇಡಬೇಡಿ. ತಂದೆ ತನ್ನ ಖರ್ಚಿನ ಮಟ್ಟಿಗೆ ಬರೆದುಕೊಟ್ಟಿರಬಹುದು, ಹಕ್ಕು ಹುಡುಗನದು. ಅಪ್ರಾಪ್ತರ ಪರವಾಗಿ ದಾವೆಯಲ್ಲಿ ರಾಜಿಯಾಗಬೇಕಾದರೆ ನ್ಯಾಯಾಲಯದ ಒಪ್ಪಿಗೆ ಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಹೊರಗೆ ಮಾಡಿಕೊಂಡ ರಾಜಿಗೆ ಆ ಬಲವಿಲ್ಲ. ಇನ್ನು ಕಾಲಮಿತಿ: ಇಂಥ ಪರಿಹಾರಕ್ಕೆ ಸಾಮಾನ್ಯವಾಗಿ ಮೂರು ವರ್ಷ. ಆದರೆ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಪ್ರಾಪ್ತನಿಗೆ ಆ ಲೆಕ್ಕ 18 ತುಂಬಿದ ಮೇಲೆ ಶುರು. ಅಂದರೆ ಈ ಹುಡುಗ 21ರವರೆಗೂ ಕೇಳಬಹುದು. ಆದ್ದರಿಂದ ಆಸ್ಪತ್ರೆ ಬಿಲ್ಲುಗಳು, ನೀವು ಹಣ ಕಳಿಸಿದ ಯುಪಿಐ ವಿವರ, ಶಾಮಿಯಾನದವರ ರಸೀದಿ, ಅನುಮತಿ ಪತ್ರ, ಆ ದಿನದ ಫೋಟೊ, ಹುಡುಗನ ಕೈ ಸರಿಹೋಗಿದೆ ಎಂಬ ವೈದ್ಯರ ಪತ್ರ ಇದ್ದರೆ ಅದೂ, ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಒಂಬತ್ತು ವರ್ಷ ಇಟ್ಟುಕೊಳ್ಳಿ. ಹಣ ಕೊಟ್ಟದ್ದು ತಪ್ಪೊಪ್ಪಿಗೆ ಆಯಿತೇ ಎಂದು ಚಿಂತಿಸಬೇಡಿ. ಮಾನವೀಯತೆಯಿಂದ ಕೊಟ್ಟದ್ದು ಎಂಬುದನ್ನು ಆಗಿನ ಕಾಗದವೇ ಹೇಳಿದರೆ ಸಾಕು.

ಮೂಳೆ ಮುರಿದರೆ ಅದು ಕಾನೂನಿನಲ್ಲಿ ‘ತೀವ್ರ ಗಾಯ’. ನಿರ್ಲಕ್ಷ್ಯದಿಂದ ಆಯಿತೆಂದು ದೂರು ಬಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಪೊಲೀಸ್ ಪ್ರಕರಣವಾಗಬಹುದು. ಅದು ಯಾವಾಗಲೂ ವ್ಯಕ್ತಿಯ ಮೇಲೆಯೇ. ನೋಂದಣಿ ಪತ್ರ ತೋರಿಸಿ ಅದರಿಂದ ತಪ್ಪಿಸಿಕೊಳ್ಳಲಾಗದು, ಇಂದೂ ಮುಂದೂ.

ನೋಂದಣಿ ಏನು ಕೊಡುತ್ತದೆ

ನಿಮಗೆ ಹೊಂದುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. (ಅಪಾರ್ಟ್‌ಮೆಂಟ್ ಮಾಲೀಕರ ಸಂಘ ಕಟ್ಟಬೇಕೆಂದಿರುವವರು ಈ ಉತ್ತರ ಹಿಡಿದು ಹೋಗಬೇಡಿ, ನಿಮ್ಮದು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ದಾರಿ.) ನೋಂದಣಿಯಾದ ಮೇಲೆ ಸಂಘದ ಆಸ್ತಿ ಬೇರೆ, ಸದಸ್ಯರ ಆಸ್ತಿ ಬೇರೆ. ಮಳಿಗೆಯ ಬಾಡಿಗೆ ಬಾಕಿ ಉಳಿದು ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ಆದೇಶ) ಆದರೆ ಅದು ಜಾರಿಯಾಗುವುದು ಸಂಘದ ಹಣ, ಕಪಾಟು, ಪುಸ್ತಕಗಳ ಮೇಲೆ. ನಿಮ್ಮ ಮನೆಯ ಮೇಲಲ್ಲ. ದಾವೆಯನ್ನು ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಹೇಳಿದ ಪದಾಧಿಕಾರಿಯ ಹೆಸರಿನಲ್ಲಿ ನಡೆಸಬಹುದು. ಆ ಪದಾಧಿಕಾರಿ ಬದಲಾದರೂ ದಾವೆ ಬಿದ್ದುಹೋಗದು. ಎಷ್ಟೋ ಜನರ ಗಮನಕ್ಕೆ ಬಾರದ ಇನ್ನೊಂದು ಲಾಭವಿದೆ: ಚಂದಾ ಬಾಕಿ ಉಳಿಸಿಕೊಂಡ ಸದಸ್ಯನ ಮೇಲೆ, ಹಣ ನುಂಗಿದ ಪದಾಧಿಕಾರಿಯ ಮೇಲೆ, ಹೊರಗಿನವರ ಮೇಲೆ ಹೂಡುವಂತೆಯೇ ಸಂಘ ಪ್ರಕರಣ ಹೂಡಬಹುದು. ಈಗ ನಿಮ್ಮ ಖಜಾಂಚಿ ಮುನಿಸಿಕೊಂಡು ಹಣ ಕೊಡುವುದಿಲ್ಲ ಎಂದರೆ ‘ಅದು ಬಳಗದ್ದು’ ಎಂದು ಸಾಬೀತು ಮಾಡುವಷ್ಟರಲ್ಲಿ ಸಾಕುಸಾಕಾದೀತು.

ಈ ರಕ್ಷಣೆ ಸಂಘದ ಸಾಲಕ್ಕೆ ಮಾತ್ರ, ನಿಮ್ಮ ಕೈ ಮಾಡಿದ ಕೆಲಸಕ್ಕಲ್ಲ. ನೀವೇ ನಿಂತು ಸಡಿಲ ಕಂಬಕ್ಕೆ ಹಗ್ಗ ಕಟ್ಟಿಸಿದ್ದರೆ ಸಂಘದ ಜೊತೆಗೆ ನೀವೂ ಪ್ರತಿವಾದಿ. ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದರೆ ಅದು ವೈಯಕ್ತಿಕವೇ. ಸಂಘದ ಚೆಕ್ ಬೌನ್ಸ್ ಆದರೂ ಹಾಗೆಯೇ. ವರ್ಗಾವಣೀಯ ಲಿಖಿತಗಳ ಕಾಯ್ದೆಯ 141ನೇ ಕಲಮಿನಲ್ಲಿ ‘ಕಂಪನಿ’ ಎಂದರೆ ಜನರ ಸಂಘವೂ ಸೇರಿದೆ, ಹಾಗಾಗಿ ಸಹಿ ಹಾಕಿದವರಿಗೂ ವ್ಯವಹಾರ ನೋಡಿಕೊಳ್ಳುತ್ತಿದ್ದವರಿಗೂ ಚೆಕ್ ಬೌನ್ಸಿನ ಅದೇ ಕಾಯ್ದೆಯ 138ನೇ ಕಲಮಿನ ನೋಟಿಸ್ ಬರುತ್ತದೆ. ಖಾತೆಯಲ್ಲಿ ಹಣ ನೋಡದೆ ಮುಂದಿನ ದಿನಾಂಕದ ಚೆಕ್ ಕೊಡುವ ಚಾಳಿ ಹಬ್ಬದ ಸಮಿತಿಗಳಲ್ಲಿ ಬಹಳ. ಅದನ್ನು ಇಲ್ಲೇ ನಿಲ್ಲಿಸಿ.

ಸಹಿಯ ವಿಷಯದಲ್ಲಿ ಒಂದು ಸಣ್ಣ ಶಿಸ್ತು ದೊಡ್ಡ ವ್ಯತ್ಯಾಸ ಮಾಡುತ್ತದೆ. ಕರಾರಿನ ಮೊದಲ ಸಾಲಿನಲ್ಲಿ ಪಕ್ಷಗಾರ ಯಾರೆಂದು ಬರೆಯುವಾಗ ಸಂಘದ ಪೂರ್ತಿ ಹೆಸರು, ನೋಂದಣಿ ಸಂಖ್ಯೆ ಇರಲಿ. ಕೊನೆಯಲ್ಲಿ ‘ಸಂಘದ ಪರವಾಗಿ, ಕಾರ್ಯದರ್ಶಿ’ ಎಂದು ಬರೆದು, ಮೊಹರು ಹಾಕಿ, ಯಾವ ದಿನಾಂಕದ ಸಭೆಯ ನಿರ್ಣಯದಂತೆ ಎಂಬುದನ್ನೂ ನಮೂದಿಸಿ. ಬರೀ ನಿಮ್ಮ ಹೆಸರು, ನಿಮ್ಮ ಆಧಾರ್, ನಿಮ್ಮ ಮನೆ ವಿಳಾಸ ಇರುವ ಕರಾರಿನಲ್ಲಿ ಬಾಡಿಗೆದಾರ ನೀವೇ, ಸಂಘ ನೋಂದಣಿಯಾಗಿದ್ದರೂ. ಈಗಿನ ಮಳಿಗೆಯ ಕರಾರನ್ನು ನೋಂದಣಿಯ ನಂತರ ರದ್ದುಮಾಡಿ ಸಂಘದ ಹೆಸರಿನಲ್ಲಿ ಹೊಸದಾಗಿ ಬರೆಸಬೇಕು. ಮುಂಗಡದ ಹಣ ಸಂಘದ ಲೆಕ್ಕಕ್ಕೆ ವರ್ಗವಾಯಿತೆಂದು ಮಾಲೀಕರಿಂದ ಒಂದು ಸಾಲು ಬರೆಸಿಕೊಳ್ಳಿ.

ಕಂಬ ಮತ್ತೆ ಬೀಳದಂತೆ

ಕಾಗದಕ್ಕಿಂತ ಇದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ನವೆಂಬರ್ ಎಂದರೆ ಹಿಂಗಾರು, ಸಂಜೆ ಹೊತ್ತು ಏಕಾಏಕಿ ಗಾಳಿ ಮಳೆ. ಟಾರು ರಸ್ತೆಯಲ್ಲಿ ಗುಂಡಿ ತೋಡುವಂತಿಲ್ಲ, ಗೂಟ ಇಳಿಯುವುದಿಲ್ಲ. ಆಗ ಶಾಮಿಯಾನದವರು ಕಂಬವನ್ನು ಸುಮ್ಮನೆ ನಿಲ್ಲಿಸಿ ಹಗ್ಗವನ್ನು ಪಕ್ಕದ ಗೇಟಿಗೋ ಮರಕ್ಕೋ ಬೆಸ್ಕಾಂ ಕಂಬಕ್ಕೋ ಬಿಗಿಯುತ್ತಾರೆ. ಬಟ್ಟೆಯಲ್ಲಿ ನೀರು ತುಂಬಿ ತೂಗಿದಾಗ, ಇಲ್ಲವೇ ಗಾಳಿ ಕೆಳಗಿನಿಂದ ಎತ್ತಿದಾಗ, ಒಂದು ಹಗ್ಗ ಸಡಿಲಿದರೆ ಸಾಲೇ ಬೀಳುತ್ತದೆ. ಕಂಬದ ಬುಡಕ್ಕೆ ಕಾಂಕ್ರೀಟ್ ತುಂಬಿದ ಡಬ್ಬ ಅಥವಾ ಮರಳು ಮೂಟೆ, ಮೂಲೆ ಕಂಬಗಳಿಗೆ ಎರಡು ದಿಕ್ಕಿನಲ್ಲಿ ಹಗ್ಗ, ಬೆಸ್ಕಾಂ ಕಂಬ ಮುಟ್ಟಬಾರದು, ಗಾಳಿ ಎದ್ದರೆ ಜನರನ್ನು ಹೊರಗೆ ಕಳಿಸಿ ಬಟ್ಟೆ ಇಳಿಸುವವರು ಯಾರು ಎಂಬ ಹೆಸರು, ಇಷ್ಟನ್ನು ಆರ್ಡರ್ ಕೊಡುವಾಗಲೇ ಬರೆದು ಸಹಿ ಹಾಕಿಸಿ. ಕಂಬ ಬಿದ್ದು ಯಾರಿಗಾದರೂ ಪೆಟ್ಟಾದರೆ ಸಂಘಕ್ಕೆ ಬಂದ ಹೊಣೆಯನ್ನು ಶಾಮಿಯಾನದವರು ತುಂಬಿಕೊಡತಕ್ಕದ್ದು ಎಂಬ ವಾಕ್ಯವೂ ಅದರಲ್ಲಿರಲಿ. ಅಷ್ಟಾದರೂ ಹುಡುಗನ ಕಡೆಯವರು ಸಂಘವನ್ನೇ ಕೇಳಬಹುದು. ಕೊಟ್ಟದ್ದನ್ನು ನೀವು ವಸೂಲಿ ಮಾಡಿಕೊಳ್ಳಲು ಆ ವಾಕ್ಯ ಬೇಕು. ‘ಏನೇ ಆದರೂ ಸಂಘ ಜವಾಬ್ದಾರಿಯಲ್ಲ’ ಎಂಬ ಬೋರ್ಡು ನಿರ್ಲಕ್ಷ್ಯವನ್ನು ಅಳಿಸುವುದಿಲ್ಲ.

ಇದರ ಜೊತೆಗೆ ವಿಮೆ. ಕಾರ್ಯಕ್ರಮದ ದಿನಗಳಿಗೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ (ಹೊರಗಿನವರಿಗೆ ಪೆಟ್ಟಾದರೆ ನೀವು ಕೊಡಬೇಕಾದ ಪರಿಹಾರವನ್ನು ಭರಿಸುವ ವಿಮೆ) ಸಿಗುತ್ತದೆ, ವಾಚನಾಲಯಕ್ಕೆ ವರ್ಷದ್ದೂ ಸಿಗುತ್ತದೆ. ಏಜೆಂಟರನ್ನು ನಾಲ್ಕು ಮಾತು ಕೇಳಿ: ಒಂದು ಅಪಘಾತಕ್ಕೆ ಎಷ್ಟು ಮಿತಿ, ಅವಧಿಗೆ ಒಟ್ಟು ಎಷ್ಟು, ತಾತ್ಕಾಲಿಕ ಪೆಂಡಾಲು ಹೊರತುಪಡಿಸಿದೆಯೇ, ಕೆಲಸ ಮಾಡುವ ಸ್ವಯಂಸೇವಕರಿಗೇ ಪೆಟ್ಟಾದರೆ ಬರುತ್ತದೆಯೇ. ಕೊನೆಯದು ಹೆಚ್ಚಾಗಿ ಇರುವುದಿಲ್ಲ, ಅದಕ್ಕೆ ಗುಂಪು ಅಪಘಾತ ವಿಮೆ ಬೇರೆ ತೆಗೆದುಕೊಳ್ಳಬೇಕು. ಪೊಲೀಸ್, ಪಾಲಿಕೆ, ಬೆಸ್ಕಾಂ ತಾತ್ಕಾಲಿಕ ಸಂಪರ್ಕ, ಇವುಗಳಲ್ಲಿ ಯಾವುದಾದರೂ ಅನುಮತಿ ಇಲ್ಲದೆ ನಡೆಸಿದರೆ ವಿಮೆಯವರು ಅದನ್ನೇ ಹಿಡಿದು ತಕರಾರು ತೆಗೆಯುತ್ತಾರೆ. ರಾತ್ರಿ 10ರ ನಂತರ ಧ್ವನಿವರ್ಧಕ ಹಚ್ಚಿದ ಪ್ರಕರಣವೂ ಮೊದಲು ಬರುವುದು ಸಹಿ ಹಾಕಿದವರ ಹೆಸರಿಗೇ.

ತೆರಿಗೆಯ ಕತೆ

‘ನೋಂದಣಿಯಾದರೆ ತೆರಿಗೆ ಇಲ್ಲ’ ಎಂಬುದು ತಪ್ಪು. ಸಂಘಗಳ ನೋಂದಣಾಧಿಕಾರಿ ಕೊಡುವ ಪತ್ರಕ್ಕೂ ಆದಾಯ ತೆರಿಗೆ ವಿನಾಯಿತಿಗೂ ಸಂಬಂಧವಿಲ್ಲ. ಧರ್ಮಾರ್ಥ ಸಂಸ್ಥೆ ಎಂದು ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಬೇಕು, ಜನರ ಬಾಯಲ್ಲಿ ಅದು 12ಎ. ದಾನಿಗಳಿಗೆ ರಿಯಾಯಿತಿ ಸಿಗಲು 80ಜಿ ಬೇರೆ. (2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿವೆ, ಹಳೆಯ ಹೆಸರುಗಳು ಬಳಕೆಯಲ್ಲಿ ಉಳಿದಿವೆ.) 12ಎ ಪಡೆದರೆ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಗಳಿಗೆ ಬಳಸಿ ತೋರಿಸುವ ಹೊಣೆಯೂ ಹೆಗಲೇರುತ್ತದೆ. 80ಜಿ ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ದಾನಿಗೆ ರಿಯಾಯಿತಿ ಇಲ್ಲ.

ನಿಮ್ಮ ಸದಸ್ಯರ ಚಂದಾ ವರ್ಷಕ್ಕೆ ಹೆಚ್ಚೆಂದರೆ 1,44,000 ರೂಪಾಯಿ. ಈ ಗಾತ್ರಕ್ಕೆ ಮೊದಲ ವರ್ಷವೇ 80ಜಿ ಹಿಂದೆ ಓಡುವುದು ಅನಗತ್ಯ ಎಂದೇ ನನ್ನ ಸಲಹೆ. ಸದಸ್ಯರೇ ಕೊಟ್ಟು ಸದಸ್ಯರಿಗೇ ಖರ್ಚಾಗುವ ಹಣ ಆದಾಯವಲ್ಲ ಎಂಬ ತತ್ವ ಒಂದಿದೆ. ಆದರೆ ಅದಕ್ಕೂ ಎಲ್ಲೆಯಿದೆ. ಅದನ್ನು ತೋರಿಸಿದ ತೀರ್ಪು ನಮ್ಮ ಊರಿನ ಬೆಂಗಳೂರು ಕ್ಲಬ್ಬಿನದೇ. ಸದಸ್ಯರಾಗಿದ್ದ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಯ ಬಡ್ಡಿಗೂ ತೆರಿಗೆ ಉಂಟು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಗಡಿಯವರ ಚಂದಾ, ಪ್ರಾಯೋಜಕರ ಬ್ಯಾನರಿನ ಹಣ ಈ ತತ್ವದೊಳಗೆ ಬರುವುದಿಲ್ಲ. ಇಲ್ಲಿಯೂ ನೋಂದಣಿಯಿಂದ ಒಂದು ಉಪಕಾರವಿದೆ: ಯಾವ ಸದಸ್ಯನ ಪಾಲು ಎಷ್ಟೆಂದು ನಿಗದಿಯಾಗದ ನೋಂದಣಿರಹಿತ ಗುಂಪಿಗೆ ಅತ್ಯಧಿಕ ದರದ ತೆರಿಗೆ ಬೀಳಬಹುದು, ನೋಂದಾಯಿತ ಸಂಘವನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ. ಜಿಎಸ್‌ಟಿ 20 ಲಕ್ಷದ ವಹಿವಾಟು ದಾಟುವವರೆಗೆ ನಿಮ್ಮ ತಲೆನೋವಲ್ಲ.

ಅಮೆರಿಕದಲ್ಲಿರುವ ಹಳೆಯ ಗೆಳೆಯರು ಪುಸ್ತಕಕ್ಕೆಂದು ಹಣ ಕಳಿಸುವುದು ಬೆಂಗಳೂರಿನ ಬಳಗಗಳಲ್ಲಿ ಮಾಮೂಲು. ಅವರ ಪಾಸ್‌ಪೋರ್ಟ್ ಇನ್ನೂ ಭಾರತದ್ದಾಗಿದ್ದು ಹಣ ಬ್ಯಾಂಕಿನ ಮೂಲಕ ಬಂದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಇದ್ದರೂ, ಅದು ವಿದೇಶಿ ಕೊಡುಗೆ. 2010ರ ವಿದೇಶಿ ಕೊಡುಗೆ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ನೂರು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಆ ನೋಂದಣಿ ಕೇಳಬೇಕಾದರೆ ಸಂಘಕ್ಕೆ ಸಾಮಾನ್ಯವಾಗಿ ಮೂರು ವರ್ಷ ತುಂಬಿ, ಆ ಅವಧಿಯಲ್ಲಿ 15 ಲಕ್ಷ ಖರ್ಚಾಗಿರಬೇಕು.

ಸರ್ಕಾರ, ಟ್ರಸ್ಟ್, ಕಂಪನಿ

ಸರ್ಕಾರ ಬಂದು ಕೂರುತ್ತದೆ ಎಂಬ ಭಯಕ್ಕೆ ಒಂದು ಎಳೆ ನಿಜವಿದೆ. ನೋಂದಣಾಧಿಕಾರಿ ತಾವಾಗಿಯೇ ವಿಚಾರಣೆ ನಡೆಸಬಹುದು. ಸದಸ್ಯರಲ್ಲಿ ಮೂರನೇ ಒಂದು ಭಾಗದವರೋ ಆಡಳಿತ ಮಂಡಳಿಯ ಬಹುಮತವೋ ಕೇಳಿದರೆ ನಡೆಸಲೇಬೇಕು. ಸಂಘ ಕೆಟ್ಟು ನಿಂತರೆ ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರವೂ ಸರ್ಕಾರಕ್ಕೆ ಇದೆ. ಆದರೆ ಅಲ್ಲಿಗೆ ತಲುಪುವ ಸಂಘಗಳ ಹಿಂದೆ ಸಾಮಾನ್ಯವಾಗಿ ವರ್ಷಗಟ್ಟಲೆ ನಡೆಯದ ಚುನಾವಣೆ, ಸಲ್ಲಿಸದ ಲೆಕ್ಕ, ಎರಡು ಬಣ ಇಟ್ಟುಕೊಂಡ ಎರಡು ನಡಾವಳಿ ಪುಸ್ತಕ ಇರುತ್ತವೆ.

ಟ್ರಸ್ಟ್ ಮಾಡುವುದು ಸುಲಭ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಒಂದು ಪತ್ರ ನೋಂದಾಯಿಸಿದರೆ ಆಯಿತು. ಆದರೆ ಟ್ರಸ್ಟಿನಲ್ಲಿ ಟ್ರಸ್ಟಿಗಳಿರುತ್ತಾರೆ, ಮತ ಹಾಕುವ ಸದಸ್ಯರಿಲ್ಲ. ನಿಮ್ಮ 60 ಜನರಲ್ಲಿ ಐವರು ಯಜಮಾನರಾಗಿ 55 ಜನ ಪ್ರೇಕ್ಷಕರಾಗುತ್ತಾರೆ. ಮೇಲಾಗಿ ಹೊರಗಿನವರೊಂದಿಗೆ ಮಾಡಿಕೊಂಡ ಕರಾರಿಗೆ ಟ್ರಸ್ಟಿಗಳು ವೈಯಕ್ತಿಕವಾಗಿ ಹೊಣೆ, ಆಮೇಲೆ ಟ್ರಸ್ಟಿನ ಆಸ್ತಿಯಿಂದ ತುಂಬಿಸಿಕೊಳ್ಳಬೇಕು. ನಿಮ್ಮ ಭಯವೇ ಅದಾಗಿರುವಾಗ ಟ್ರಸ್ಟ್ ನಿಮಗೆ ಮದ್ದಲ್ಲ. ಕಂಪನಿ ಕಾಯ್ದೆಯ 8ನೇ ಕಲಮಿನ ಲಾಭರಹಿತ ಕಂಪನಿಯಲ್ಲಿ ರಕ್ಷಣೆ ಗಟ್ಟಿ. ಆದರೆ ಪ್ರತಿವರ್ಷದ ಫೈಲಿಂಗ್, ಕಡ್ಡಾಯ ಆಡಿಟ್, ತಡವಾದರೆ ದಿನಲೆಕ್ಕದ ದಂಡ. ವಾಚನಾಲಯಕ್ಕೆ ಅಷ್ಟು ಭಾರ ಬೇಡ. ಯಾವುದೂ ಬೇಡ, ಹೀಗೇ ಇರೋಣ ಎಂಬುದೂ ಒಂದು ಆಯ್ಕೆಯೇ. ಆಗ ಮಳಿಗೆ ಬಿಟ್ಟು, ಶಾಮಿಯಾನ ಬಿಟ್ಟು, ಯಾರದಾದರೂ ಸಭಾಂಗಣದಲ್ಲಿ ಸೇರುವಷ್ಟಕ್ಕೆ ನಿಲ್ಲಬೇಕಾಗುತ್ತದೆ.

ನೋಂದಣಿ ಮಾಡಿಸುವಾಗ

ಕನಿಷ್ಠ ಏಳು ಜನ, 18 ದಾಟಿದವರು ಬೇಕು. ಸಂಘದ ಜ್ಞಾಪನ ಪತ್ರ (ಹೆಸರು, ಉದ್ದೇಶ ಹೇಳುವ ಮೂಲ ದಾಖಲೆ), ಬೈಲಾ, ಆಡಳಿತ ಮಂಡಳಿಯ ಹೆಸರು-ವಿಳಾಸ-ಉದ್ಯೋಗದ ಪಟ್ಟಿ, ಗುರುತಿನ ದಾಖಲೆ, ಕಚೇರಿ ವಿಳಾಸಕ್ಕೆ ಕಟ್ಟಡ ಮಾಲೀಕರ ಒಪ್ಪಿಗೆ ಪತ್ರ, ಇವುಗಳೊಂದಿಗೆ ನಿಮ್ಮ ವಲಯದ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ. ಇವರು ಸಹಕಾರ ಇಲಾಖೆಗೆ ಸೇರಿದವರು. ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಸರದಿಯಲ್ಲಿ ನಿಂತು ವಾಪಸಾಗುವವರು ಕಡಿಮೆಯಿಲ್ಲ. ಸರ್ಕಾರದ್ದೇ ಸಂಸ್ಥೆ ಎಂಬ ಭ್ರಮೆ ಹುಟ್ಟಿಸುವ ಹೆಸರನ್ನು, ಈಗಾಗಲೇ ಇರುವ ಸಂಘದ ಹೆಸರನ್ನು ಹೋಲುವುದನ್ನು ಒಪ್ಪುವುದಿಲ್ಲ. ಮೂರು ಹೆಸರು ಯೋಚಿಸಿಟ್ಟುಕೊಂಡು ಹೋಗಿ.

ಉದ್ದೇಶಗಳನ್ನು ಕಾಯ್ದೆಯ 3ನೇ ಕಲಮಿನ ಮಾತಿನಲ್ಲೇ ಬರೆಯಿರಿ: ಸಾಹಿತ್ಯ, ಲಲಿತಕಲೆ, ಶಿಕ್ಷಣ, ವಾಚನಾಲಯ. ಬಳಗದೊಳಗೆ ಚೀಟಿ ನಡೆಸುತ್ತಿದ್ದರೆ ಅದನ್ನು ಇದರೊಳಗೆ ತರಬೇಡಿ, ಅದಕ್ಕೆ 1982ರ ಚಿಟ್ ಫಂಡ್ ಕಾಯ್ದೆಯೇ ಬೇರೆ. ಗಣೇಶನ ಹಬ್ಬವನ್ನೂ ಸೇರಿಸೋಣ ಎಂದು ಯಾರಾದರೂ ಹೇಳಿದರೆ ಯೋಚಿಸಿ, ಮುಂದೆ 80ಜಿ ಬೇಕೆನಿಸಿದಾಗ ಧಾರ್ಮಿಕ ಖರ್ಚು ಶೇ 5 ದಾಟುವಂತಿಲ್ಲ.

ಬೈಲಾವನ್ನು ಜೆರಾಕ್ಸ್ ಅಂಗಡಿಯ ಸಿದ್ಧ ನಮೂನೆಯಿಂದ ಇಳಿಸಿದರೆ ಮುಂದಿನ ಜಗಳಗಳ ಬೀಜವೂ ಇಳಿಯುತ್ತದೆ. ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮೂರನೇ ಎರಡು ಭಾಗ ಎಂದು ಬರೆದ ಸಂಘದಲ್ಲಿ ಒಂದು ಸಭೆಯೂ ಕೂಡುವುದಿಲ್ಲ. 60 ಜನರಿಗೆ 15 ಸಾಕು, ಕೋರಂ ಇಲ್ಲದೆ ಮುಂದೂಡಿದ ಸಭೆ ಅರ್ಧ ಗಂಟೆಯ ನಂತರ ಇದ್ದವರಿಂದಲೇ ನಡೆಯಬಹುದು ಎಂದೂ ಬರೆಯಿರಿ. ಎಷ್ಟು ತಿಂಗಳ ಚಂದಾ ಬಾಕಿಯಾದರೆ ಮತದ ಹಕ್ಕಿಲ್ಲ, ಪದಾಧಿಕಾರಿಗೆ ಸತತ ಎಷ್ಟು ಅವಧಿ, ದಾವೆ ಯಾರ ಹೆಸರಿನಲ್ಲಿ, ಖಾತೆಗೆ ಯಾವ ಇಬ್ಬರ ಜಂಟಿ ಸಹಿ, ನಗದು ಎಷ್ಟರವರೆಗೆ ಕೈಯಲ್ಲಿರಬಹುದು, ವಾಟ್ಸಾಪಿನಲ್ಲಿ ಕಳಿಸಿದ ಸಭೆಯ ನೋಟಿಸ್ ಸಾಕೇ ಎಂಬುದೆಲ್ಲ ಸ್ಪಷ್ಟವಾಗಿರಲಿ. ಸಂಘಕ್ಕಾಗಿ ಪ್ರಾಮಾಣಿಕವಾಗಿ ಮಾಡಿದ ಕೆಲಸದಿಂದ ಪದಾಧಿಕಾರಿಗೆ ಬಂದ ಖರ್ಚು, ಪರಿಹಾರ, ವಕೀಲರ ಶುಲ್ಕವನ್ನು ಸಂಘ ತನ್ನ ನಿಧಿಯಿಂದ ತುಂಬಿಕೊಡತಕ್ಕದ್ದು ಎಂಬ ವಾಕ್ಯವನ್ನು ಸಿದ್ಧ ನಮೂನೆಗಳಲ್ಲಿ ಕಾಣುವುದು ಅಪರೂಪ. ನಿಮ್ಮ ಪ್ರಶ್ನೆಗೆ ನೇರವಾಗಿ ಬೇಕಾದದ್ದು ಅದೇ.

ಆಮೇಲೆ ಪ್ರತಿವರ್ಷ ಸರ್ವ ಸದಸ್ಯರ ಸಭೆ, ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿಗೆ. ಜನ ಇದನ್ನು ರಿನೀವಲ್ ಎನ್ನುತ್ತಾರೆ, ಎರಡು ವರ್ಷ ಮಾಡಿ ಮರೆಯುತ್ತಾರೆ. ಐದಾರು ವರ್ಷದ ನಂತರ ಬ್ಯಾಂಕು ಹೊಸ ಪದಾಧಿಕಾರಿಗಳ ದೃಢೀಕೃತ ಪಟ್ಟಿ ಕೇಳಿದಾಗ ಒಟ್ಟಿಗೆ ದಂಡ ಕಟ್ಟಿ ಹಳೆಯ ಲೆಕ್ಕ ಹುಡುಕಬೇಕಾಗುತ್ತದೆ. ಅಷ್ಟರಲ್ಲಿ ಹಳೆಯ ಖಜಾಂಚಿ ಮನೆ ಬದಲಿಸಿರುತ್ತಾರೆ. ಮುಂದೊಂದು ದಿನ ಸಂಘ ಮುಚ್ಚುವುದಾದರೆ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಂಥದೇ ಉದ್ದೇಶದ ಬೇರೆ ಸಂಘಕ್ಕೆ ಹೋಗಬೇಕು. ಇದನ್ನು ಸದಸ್ಯರಿಗೆ ಮೊದಲೇ ಹೇಳಿ.

ನೋಂದಣಿ ಪತ್ರ ಬರಲೆಂದು ಕಾದು ಕೂರದೆ ಮಾಡಬೇಕಾದದ್ದು ಖಜಾಂಚಿಯ ಖಾತೆಯ ವಿಷಯ. ಇಂದು ಅವರಿಗೆ ಏನಾದರೂ ಆದರೆ ಬ್ಯಾಂಕು ಹಣ ಕೊಡುವುದು ಅವರ ನಾಮಿನಿಗೆ. ಖಾತೆಗೆ ಬಂದ ಹಣ ತೆರಿಗೆ ಇಲಾಖೆಗೆ ಕಾಣುವುದೂ ಅವರ ಪ್ಯಾನ್ ಮೇಲೆ. ಈ ಭಾನುವಾರವೇ ಸಭೆ ಸೇರಿ, ಆ ದಿನಕ್ಕೆ ಖಾತೆಯಲ್ಲಿರುವ ಬಳಗದ ಹಣ ಎಷ್ಟು ಎಂದು ಪಾಸ್‌ಬುಕ್ ನೋಡಿ ನಡಾವಳಿಯಲ್ಲಿ ಬರೆದು, ಖಜಾಂಚಿಯವರೂ ಇನ್ನಿಬ್ಬರೂ ಸಹಿ ಹಾಕಿ. ಅದರ ಒಂದು ಪ್ರತಿಯನ್ನು ಖಜಾಂಚಿಯವರ ಮನೆಯವರಿಗೂ ಕೊಡಿ. ನೋಂದಣಿಯ ನಂತರ ಸಂಘದ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ನೋಂದಣಿ ಪತ್ರ, ಬೈಲಾ, ನಿರ್ಣಯದ ಪ್ರತಿಯೊಂದಿಗೆ ಖಾತೆ ತೆರೆದು, ಅಷ್ಟೂ ಮೊತ್ತವನ್ನು ಒಂದೇ ಬಾರಿಗೆ ವರ್ಗಾಯಿಸಿ ಖಜಾಂಚಿಯವರಿಗೆ ರಸೀದಿ ಕೊಡಿ. ಹೊಸ ಸಂಘದ ಮೊದಲ ಸಭೆಯ ನಿರ್ಣಯದಲ್ಲಿ ಹಳೆಯ ಬಳಗದ ಹಣ, ಪುಸ್ತಕ, ಕಪಾಟುಗಳನ್ನು ಪಟ್ಟಿಮಾಡಿ ವಹಿಸಿಕೊಳ್ಳಿ. ‘ಹಳೆಯ ಬಳಗದ ಸಕಲ ಹೊಣೆಗಳನ್ನೂ’ ಎಂಬ ಮಾತನ್ನು ಅಭ್ಯಾಸಬಲದಿಂದ ಅದರಲ್ಲಿ ಸೇರಿಸಬೇಡಿ. ಹುಡುಗನ ವಿಷಯದಲ್ಲಿ ಸಂಘ ಏನಾದರೂ ಕೊಡುವುದೆಂದಾದರೆ ಅದನ್ನು ಬೇರೆಯೇ ನಿರ್ಣಯ ಮಾಡಿ, ಮೊತ್ತ ಬರೆದು ದಾಖಲಿಸಿ.